ತಿಳಮಾತಿಯ ಕಪ್ಪು ಮರಳು, ಸಂಜೆಯ ಬೆಳಕು, ಎರಡು ನಾಯಿಗಳು

ಕಾರವಾರದ ಉತ್ತರಕ್ಕೆ, ಗೋವಾ ಗಡಿಯ ಸಮೀಪ ಮಾಜಾಳಿಯ ಕಡಲತೀರವಿದೆ. ಅದರ ತುದಿಯಲ್ಲಿರುವ ಗುಡ್ಡವನ್ನು ಹತ್ತಿ ಆಚೆ ಇಳಿದರೆ ತಿಳಮಾತಿ ಸಿಗುತ್ತದೆ. ಮಾಜಾಳಿಯ ಮರಳು ತಿಳಿ ಬಣ್ಣದ್ದು. ತಿಳಮಾತಿಯದು ಎಳ್ಳಿನಂತೆ ಕಪ್ಪು. ವಾಹನಗಳು ಬಾರದ, ಜನ ವಿರಳವಾಗಿರುವ ಈ ಪುಟ್ಟ ದಂಡೆಗೆ ನಾಯಿಗಳೆರಡನ್ನೂ ಕರೆದುಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಸಂಜೆ ನಡೆದು ಹೋಗುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ.

ಕಪ್ಪು ಮರಳಿನ ಮುಂದೆ ಕ್ಯಾಮೆರಾದ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದೆಂದು ಅದರ ಮಾಪಕ ಭಾವಿಸುವುದರಿಂದ, ಚೌಕಟ್ಟಿನ ಬಹುಪಾಲು ಕಪ್ಪಾಗಿದ್ದರೆ ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಮರಳು ಬೂದಿಯ ಬಣ್ಣಕ್ಕೆ ತಿರುಗಿ, ಆಕಾಶದ ಕೆಂಪು ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ, ಇಳಿಸುತ್ತೇನೆ, ಇಲ್ಲವೇ ಸೂರ್ಯನ ಪಕ್ಕದ ಆಕಾಶವನ್ನು ನೋಡಿ ಅಳತೆ ಹಿಡಿಯುತ್ತೇನೆ. ಆಗ ಅಲೆ ಹಿಂದೆ ಸರಿದ ಒದ್ದೆ ಪಟ್ಟಿಯಲ್ಲಿ ಆಕಾಶದ ಬಣ್ಣ ಪೂರ್ತಿಯಾಗಿ ಮೂಡುತ್ತದೆ.

ನನ್ನ ನಾಯಿಗಳಲ್ಲಿ ಒಂದು ಕಂದು, ಇನ್ನೊಂದು ಕಡುಗಪ್ಪು. ಕಂದು ನಾಯಿಯನ್ನು ಎಲ್ಲಿ ನಿಲ್ಲಿಸಿದರೂ ಚಿತ್ರ ಬರುತ್ತದೆ; ಕರಿ ನಾಯಿ ಮಾತ್ರ ಒಣ ಮರಳಿನಲ್ಲಿ ಕರಗಿಹೋಗುತ್ತದೆ. ಅದನ್ನು ನೀರಿನ ಹೊಳಪಿನ ಎದುರಿಗೆ ತಂದು, ಕ್ಯಾಮೆರಾವನ್ನು ಮರಳಿನ ಮಟ್ಟಕ್ಕೆ ಇಳಿಸಿ, ಅದರ ಬೆನ್ನು ದಿಗಂತಕ್ಕಿಂತ ಮೇಲೆ ಕಾಣುವಂತೆ ನೋಡಿಕೊಳ್ಳಬೇಕು. ಸೂರ್ಯ ಅದರ ಹಿಂದೆ ಬಂದಾಗ ಕಿವಿ, ಬೆನ್ನು, ಬಾಲಗಳ ಅಂಚಿನ ಕೂದಲುಗಳಷ್ಟೇ ಹೊನ್ನಿನ ಗೆರೆಯಾಗಿ ಉರಿಯುತ್ತವೆ. ನನ್ನ ಮಟ್ಟಿಗೆ ಸೂರ್ಯನೊಬ್ಬನೇ ಇರುವ ನೂರು ಚಿತ್ರಗಳಿಗಿಂತ ಈ ಒಂದು ಗೆರೆ ಹೆಚ್ಚಿನದು.

ಸೂರ್ಯಬಿಂಬ ನೀರನ್ನು ಮುಟ್ಟಿ ಪೂರ್ತಿ ಮುಳುಗಲು ಇಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಡಿಸೆಂಬರಿನಲ್ಲಿ ಸಂಜೆ ಆರು ದಾಟುತ್ತಿದ್ದಂತೆ, ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಅಸ್ತಮಿಸುತ್ತಾನೆ. ಅನಂತರವೂ ಸುಮಾರು ಇಪ್ಪತ್ತು ನಿಮಿಷ ಬೆಳಕು ಉಳಿದಿರುತ್ತದೆ. ಅದರಲ್ಲಿ ಒಂದಿಷ್ಟನ್ನು ಗುಡ್ಡದ ದಾರಿಗೆ ಮೀಸಲಿಡಲೇಬೇಕು, ಚೀಲದಲ್ಲಿ ಟಾರ್ಚ್ ಇರಲೇಬೇಕು.

ನಾಯಿಗಳನ್ನು ಬಿಟ್ಟು ಓಡಿಸಿದರೆ ಚಿತ್ರಕ್ಕೆ ಜೀವ ಬರುತ್ತದೆಂದು ಅನೇಕರು ಹೇಳುತ್ತಾರೆ. ಚಳಿಗಾಲದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಆ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ವೇಳೆ ಕಾರವಾರ ತಾಲ್ಲೂಕಿನ ದಂಡೆಗಳಿಗೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯ ರಕ್ಷಣೆ ಅವಕ್ಕಿದ್ದರೂ, ಮೂಗಿಗೆ ವಾಸನೆ ಬಡಿದ ನಾಯಿಗೆ ಕಾಯ್ದೆ ಗೊತ್ತಿಲ್ಲ. ಕೆಲವೇ ನಿಮಿಷಗಳಲ್ಲಿ ಇಡೀ ಗೂಡನ್ನು ಕೆದಕಿಬಿಡಬಲ್ಲದು. ದೂರದಿಂದ ವಲಸೆ ಬಂದು ನೀರಂಚಿನಲ್ಲಿ ಮೇಯುವ ಸಣ್ಣ ಹಕ್ಕಿಗಳಿಗೂ ನಾಯಿಯ ಓಟ ದೊಡ್ಡ ಕಾಟವೇ. ಹಾಗಾಗಿ ಆಗೆಲ್ಲ ನಾಯಿಗಳ ಹಗ್ಗ ನನ್ನ ಕೈಯಲ್ಲೇ ಇರುತ್ತದೆ, ಚಿತ್ರದಲ್ಲೂ ಕಾಣಿಸುತ್ತದೆ; ಅದನ್ನು ಅಳಿಸುವ ಗೋಜಿಗೆ ನಾನು ಹೋಗುವುದಿಲ್ಲ. ಆಮೆ ತೆವಳಿದ ಜಾಡು ಕಂಡರೆ ನಾಯಿಗಳನ್ನು ದೂರ ಎಳೆದುಕೊಂಡು, ಫ್ಲಾಶ್ ಬಳಸದೆ ಜಾಗವನ್ನು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ.