ಕೆಲಸ ಮುಗಿಸಿ ಗಿಟಾರ್ ಹಿಡಿಯುವವರಿಗೆ

ದಿನವಿಡೀ ಕೆಲಸ, ಸಂಜೆ ಅರ್ಧ ಗಂಟೆ ಗಿಟಾರ್. ಇಷ್ಟೇ ಸಮಯವಿದ್ದರೆ ಗಿಟಾರನ್ನು ಚೀಲದಲ್ಲಿಡಬೇಡಿ, ಕಣ್ಣಿಗೆ ಬೀಳುವ ಕಡೆ ಸ್ಟ್ಯಾಂಡಿನ ಮೇಲಿಡಿ. ಜಿಪ್ ಬಿಚ್ಚುವ ಸೋಮಾರಿತನಕ್ಕೇ ಎಷ್ಟೋ ದಿನದ ಅಭ್ಯಾಸ ತಪ್ಪಿಹೋಗುತ್ತದೆ.

ಶನಿವಾರ ಕಾರ್ಯಕ್ರಮವಿದ್ದರೆ ತಂತಿಗಳನ್ನು ಗುರುವಾರವೇ ಬದಲಿಸಿ. ಹೊಸ ತಂತಿ ಹಿಗ್ಗಿ ಕೂರುವವರೆಗೆ ಶ್ರುತಿ ಇಳಿಯುತ್ತಲೇ ಇರುತ್ತದೆ. ತಂತಿ ಬಿಗಿಸುವ ಬಿರಡೆಗೆ ಎರಡು-ಮೂರು ಸುತ್ತು ಸಾಕು. ಸುತ್ತುಗಳು ಒಂದರ ಕೆಳಗೊಂದು ಬರಲಿ, ಒಂದರ ಮೇಲೊಂದು ಏರಿದರೆ ಜಾರುತ್ತವೆ. ಶ್ರುತಿ ಮಾಡಿ, 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿಯನ್ನು ಮೆಲ್ಲಗೆ ಎತ್ತಿ ಎಳೆಯಿರಿ, ಮತ್ತೆ ಶ್ರುತಿ ಮಾಡಿ. ಹೀಗೆ ನಾಲ್ಕೈದು ಸಲ, ಇಳಿಯುವುದು ನಿಲ್ಲುವವರೆಗೆ. ಸ್ವರಕ್ಕೆ ಯಾವಾಗಲೂ ಕೆಳಗಿನಿಂದಲೇ ಬನ್ನಿ. ಮೇಲೆ ಹೋಯಿತೆಂದರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸಿ, ಇಲ್ಲದಿದ್ದರೆ ಬಿರಡೆಯ ಹಲ್ಲುಗಳ ನಡುವಿನ ಸಡಿಲ ಹಾಡಿನ ಮಧ್ಯೆ ಕೈಕೊಡುತ್ತದೆ.

ಬಿರಡೆ ತಿರುಗಿಸುವಾಗ 'ಟಿಣ್' ಎಂದು ಸದ್ದಾಗಿ ಶ್ರುತಿ ಒಮ್ಮೆಲೇ ಹಾರಿದರೆ, ತಂತಿ ಕುತ್ತಿಗೆಯ ತುದಿಯ ಸಣ್ಣ ಪಟ್ಟಿಯಾದ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಅಲ್ಲಿಗೆ ಪೆನ್ಸಿಲ್ ಸೀಸ ಉಜ್ಜಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಮಾತು: ಪಾತ್ರೆ ತೊಳೆದ ಕೂಡಲೇ ನುಡಿಸಬೇಡಿ. ನೀರಲ್ಲಿ ನೆನೆದು ಮೆತ್ತಗಾದ ಬೆರಳ ತುದಿಯ ಗಟ್ಟಿಚರ್ಮ ತಂತಿಗೆ ಸಿಕ್ಕಿ ಸುಲಿದು ಬರುತ್ತದೆ. ಅರ್ಧ ಗಂಟೆ ಒಣಗಲು ಬಿಡಿ.