ಎಲಿಜಬೇತಮ್ಮನ ಹೊಟ್ಟೆ ಈ ಸಲ ಬಿರಿಯಲಿಲ್ಲ

ಮೂರು ಸಲ ಬಿರಿದಿತ್ತು. ನಾಲ್ಕನೆಯ ಮಣ್ಣಿನ ಬೊಂಬೆ ಇವತ್ತು ಬೆಳಿಗ್ಗೆ ಆವಿಗೆಯಿಂದ ಇಡಿಯಾಗಿ ಬಂತು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಈ ವರ್ಷ ಕ್ರಿಸ್‌ಮಸ್ ಗೋದಲಿಯ ಒಂದು ಮೂಲೆಯಲ್ಲಿ, ಯೇಸುವಿನ ತಾಯಿ ಮರಿಯ ತನ್ನ ನೆಂಟಳು ಎಲಿಜಬೇತಳನ್ನು ನೋಡಲು ಬಂದ ಗಳಿಗೆ ಇಡುತ್ತಿದ್ದೇನೆ. ಮರಿಯ ಎರಡು ದಿನದಲ್ಲಿ ಮುಗಿದಳು. ಗುಡ್ಡ, ಮನೆ, ಬಾಗಿಲು ಹಳೇ ಸಾಮಾನಿನಲ್ಲೇ ಆಯ್ತು. ಕಾಡಿದ್ದು ಎಲಿಜಬೇತಮ್ಮ ಒಬ್ಬಳೇ.

ಬೈಬಲಿನಲ್ಲಿ ಲೂಕ ಹೇಳುವ ಪ್ರಕಾರ ಆಕೆಗೆ ವಯಸ್ಸು ಮೀರಿತ್ತು, ಮಕ್ಕಳಿರಲಿಲ್ಲ. ಮರಿಯ ಬಂದಾಗ ಬಸಿರಿಗೆ ಆರನೇ ತಿಂಗಳು. ಮೊದಲ ಬೊಂಬೆಯಲ್ಲಿ ಹೊಟ್ಟೆ ಚೆನ್ನಾಗಿ ಬಂತು, ಆದರೆ ಮುಖ ಮರಿಯಳ ಅಕ್ಕನ ಹಾಗಿತ್ತು. ಎರಡನೆಯದಕ್ಕೆ ಸುಕ್ಕು ಕೊಟ್ಟೆ, ಹೊಟ್ಟೆಯನ್ನು ಹೊದಿಕೆಯಲ್ಲಿ ಮರೆಮಾಡಿದೆ. ಆಗ ಬರೀ ಅಜ್ಜಿಯಾದಳು. ಎರಡೂ ಒಟ್ಟಿಗೆ ಕಾಣದಿದ್ದರೆ ದೇವರು ಮಾಡಿದ್ದು ಕಾಣುವುದೇ ಇಲ್ಲ, ಅಲ್ವಾ? ಐದು ತಿಂಗಳು ಮನೆಯೊಳಗೇ ಇದ್ದವಳು ಅವಳು. ನಾನೂ ಬಚ್ಚಿಡುವುದು ಬೇಡ ಅನಿಸಿತು.

ಮೂರನೆಯದಕ್ಕೆ ಸುಕ್ಕೂ ಹೊಟ್ಟೆಯೂ ಎರಡೂ ಬಂದವು. ಆದರೆ ಮೊದಲೆರಡರಂತೆ ಅದೂ ಒಣಗುವಾಗ ಹೊಕ್ಕುಳ ಹತ್ತಿರ ಅಡ್ಡಕ್ಕೆ ಬಾಯಿ ಬಿಟ್ಟಿತು. ಬಿರುಕಿಗೆ ಮಣ್ಣಿನ ರಾಡಿ ತುಂಬಿ ನೋಡಿದೆ. ಮರುದಿನ ಅದೇ ಗೆರೆ. ಮಣ್ಣು ಕೊಟ್ಟವರು ಸೋಸಿದ್ದು ಅಂತ ಆಣೆ ಇಟ್ಟಿದ್ದರು. ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದರೆ ಒಂದು ಹಿಡಿ ಸುಣ್ಣದ ಹರಳು! ವಾಪಸ್ ತಗೊಳ್ಳಲ್ಲ ಅಂದರು. ಆದರೆ ಬಿರುಕಿಗೆ ಹರಳು ಕಾರಣವಲ್ಲ, ಅದು ಸುಟ್ಟ ಮೇಲೆ ಸಿಡಿಯುತ್ತದೆ. ತಪ್ಪು ನನ್ನದೇ. ಒಂಬತ್ತು ಇಂಚಿನ ಬೊಂಬೆಗೆ ಗಟ್ಟಿ ಹೊಟ್ಟೆ ಮಾಡಿದ್ದೆ. ಮೇಲಿನ ಮಣ್ಣು ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿ. ಹರಿಯದೆ ಇನ್ನೇನು?

ನಾಲ್ಕನೆಯದಕ್ಕೆ ಅರ್ಧ ಒಣಗಿದಾಗ ಕೆಳಗಿನಿಂದ ತಂತಿಯಲ್ಲಿ ಕೆರೆದು ಹೊಟ್ಟೆಯನ್ನು ಟೊಳ್ಳು ಮಾಡಿದೆ. ಗೋಡೆ ಕಿರುಬೆರಳಿನಷ್ಟೇ ದಪ್ಪ. ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್, ದಿನಕ್ಕೆ ಸ್ವಲ್ಪ ಸ್ವಲ್ಪ ತೆರೆಯುತ್ತಾ ಹನ್ನೊಂದು ದಿನ. ಕೆರೆಯುವಾಗ, ಮರಿಯಳ ದನಿ ಕೇಳಿ ಒಳಗಿದ್ದ ಮಗು ಯೊವಾನ್ನ ಕುಣಿದಾಡಿದ ಜಾಗ ಇದೇ ಅಲ್ವಾ ಅನಿಸಿ ಕೈ ತಾನಾಗೇ ಮೆತ್ತಗಾಯಿತು.

ಹೊಟ್ಟೆಯ ಕೆಳಗೆ ಇಟ್ಟ ಎಡಗೈ ನನ್ನ ಅಜ್ಜಿಯದು. ಜಪಸರ ಹಿಡಿದು ಹಿಡಿದು ದಪ್ಪಗಾದ ಗೆಣ್ಣು, ಹೆಬ್ಬೆರಳ ಬುಡದಲ್ಲಿ ಉಬ್ಬಿದ ನರ. ಬೇರೆ ಕೈ ಹೊಳೆಯಲೇ ಇಲ್ಲ.

ಇದರ ನಡುವೆ, ಬೈಬಲಿನಲ್ಲಿ ಹೀಗೇ ಮುಪ್ಪಿನಲ್ಲಿ ತಾಯಿಯಾದ ಅಬ್ರಹಾಮನ ಹೆಂಡತಿ ಸಾರಾಳೂ ತಲೆಯಲ್ಲಿ ಓಡುತ್ತಿದ್ದಾಳೆ. ಮಮ್ರೆಯ ಮರಗಳ ಹತ್ತಿರ ಅಬ್ರಹಾಮ ಅತಿಥಿಗಳಿಗೆ ಊಟ ಬಡಿಸುತ್ತಿದ್ದಾನೆ, ನಿನಗೆ ಮಗ ಹುಟ್ಟುತ್ತಾನೆ ಅನ್ನೋ ಮಾತು ಕೇಳಿ ಇವಳು ಗುಡಾರದ ಬಾಗಿಲ ಹಿಂದೆ ನಿಂತು ಒಳಗೊಳಗೇ ನಗುತ್ತಿದ್ದಾಳೆ. ಆ ಮಗ ಇಸಾಕ ಹುಟ್ಟಿದಾಗ ಅಬ್ರಹಾಮನಿಗೆ 100, ಅವಳಿಗೆ 90. ಇಸಾಕ ಅಂದರೇ ನಗುತ್ತಾನೆ ಅಂತ. ತುಟಿ ಬಿಚ್ಚದ ಆ ನಗುವನ್ನು ಮಣ್ಣಿನಲ್ಲಿ ಹಿಡಿಯೋದು ಹೇಗೆ? ಯಾರಾದರೂ ಮಾಡಿದ್ದರೆ ಹೇಳಿ.

ಈಗ ಎಲಿಜಬೇತಳ ಗಂಡ ಜಕರೀಯ ಬಾಕಿ. ದೇವದೂತನ ಮಾತು ನಂಬದೆ ಮಾತು ನಿಂತುಹೋದವನು. ಕೈಗೆ ಬರೆಯುವ ಹಲಗೆ ಕೊಡು ಅಂತ ಗೆಳೆಯರು ಹೇಳುತ್ತಿದ್ದಾರೆ. ಕೊಡಲ್ಲ. ಮಗುವಿನ ಹೆಸರು ಬರೆಯಲು ಅವನು ಹಲಗೆ ಕೇಳಿದ್ದು ಮಗು ಹುಟ್ಟಿ ಎಂಟನೇ ದಿನ. ಈ ದೃಶ್ಯದಲ್ಲಿ ಅವನು ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾನೆ, ಕಣ್ಣು ಹೆಂಡತಿಯ ಮೇಲೆ.