ಕುಡಿಯೋಕಾ, ಅಡುಗೆಗಾ?

ಎಂ.ಎಸ್ಸಿ ಬಯೋಕೆಮಿಸ್ಟ್ರಿ ಕೊನೆ ಸೆಮಿಸ್ಟರ್. ಪ್ರಾಜೆಕ್ಟ್ ವಿಷಯ ಕೊಡಿ ಅಂದಾಗ ನಮ್ಮ ಕ್ಲಾಸಿನ ಅರ್ಧ ಜನ ಕ್ಯಾನ್ಸರ್ ಅಂತ ಬರೆದರು. ನಾನೂ ಅದೇ ಗುಂಪು. ಗೈಡ್ ಮೇಡಂ ಚೀಟಿ ನೋಡಿ, "ಸೆಲ್ ಲೈನ್ ಎಲ್ಲಿಂದ ತರ್ತೀಯಮ್ಮ? ದುಡ್ಡು ಯಾರು ಕೊಡ್ತಾರೆ?" ಅಂದರು. ಸೆಲ್ ಲೈನ್ ಅಂದರೆ ಲ್ಯಾಬಿನಲ್ಲಿ ಬೆಳೆಸೋ ಜೀವಕೋಶ. ನನ್ನ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. "ಜಗಳೂರು ಕಡೆ ಹುಡುಗರ ಹಲ್ಲು ನೋಡಿದ್ದೀಯಲ್ಲ, ಅದನ್ನೇ ಮಾಡು" ಅಂದರು.

ನೋಡಿದ್ದೆ. ನೋಡದವರು ನಮ್ಮ ಕಡೆ ಯಾರಿದ್ದಾರೆ? ಬಿಳಿ ಗೆರೆ, ಕಂದು ಕಲೆ, ಕೆಲವರಿಗೆ ಅಂಚೇ ಉದುರಿರುತ್ತೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ಜಗಳೂರು ಚಿತ್ರದುರ್ಗಕ್ಕೇ ಸೇರಿತ್ತು. ಜಿಲ್ಲೆ ಬದಲಾಯಿತು, ಬೋರ್ ನೀರು ಬದಲಾಗಲಿಲ್ಲ. ಹಲ್ಲು ಹೀಗಾಗೋದು ಆ ನೀರಿನಲ್ಲಿ ಜಾಸ್ತಿ ಇರೋ ಫ್ಲೋರೈಡ್‌ನಿಂದ. ಮಳೆ ಕಡಿಮೆ, ಬೋರ್ ಆಳ. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಇಳಿಯುತ್ತೆ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಾನದಂಡ 1 ಅನ್ನುತ್ತೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತೆ.

ಇದೇನು ಹೊಸ ವಿಷಯ ಅಲ್ಲ. ನೆಲ್ಲೂರು ಕಡೆಯ ಜನರ ಮೂಳೆ ಫ್ಲೋರೋಸಿಸ್ (ಫ್ಲೋರೈಡ್ ಜಾಸ್ತಿಯಾಗಿ ಬರೋ ಕಾಯಿಲೆ) ಬಗ್ಗೆ ಡಾಕ್ಟರುಗಳು 1937ರಲ್ಲೇ ಬರೆದಿದ್ದಾರೆ. ಹಾಗಾದ್ರೆ ನಾನು ಹೊಸದಾಗಿ ಕೇಳಬೇಕಾದ್ದೇನು? ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತೆ. ಅದು ಬಂದ ಮೇಲೂ ಮಕ್ಕಳ ಮೈಗೆ ಎಷ್ಟು ಫ್ಲೋರೈಡ್ ಸೇರ್ತಿದೆ? ಮೈಗೆ ಸೇರಿದ್ದರಲ್ಲಿ ಒಂದು ಪಾಲು ಮೂಳೆ, ಹಲ್ಲಿಗೆ ಹೋಗುತ್ತೆ. ಉಳಿದಿದ್ದು ಹೆಚ್ಚಾಗಿ ಮೂತ್ರದಲ್ಲಿ ಹೊರಗೆ ಬರುತ್ತೆ. ಹಾಗಾಗಿ ನೀರಿನ ಜೊತೆ ಮೂತ್ರವನ್ನೂ ಅಳೆಯಬೇಕು. "ಉಚ್ಚೆ ಟೆಸ್ಟ್ ಮಾಡೋಕೆ ಎಂ.ಎಸ್ಸಿ ಓದ್ಬೇಕಿತ್ತಾ?" ಅಂತ ಅಮ್ಮ ಇವತ್ತಿಗೂ ಕೇಳ್ತಾಳೆ.

ಮಕ್ಕಳ ಸ್ಯಾಂಪಲ್ ಅಂದಮೇಲೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅಪ್ಪ ಅಮ್ಮನ ಸಹಿ ಸಾಲದು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು, ಹನ್ನೆರಡು ದಾಟಿದ್ದರೆ ಅದರಿಂದಲೂ ಬರೆಸಿಕೊಳ್ಳಬೇಕು. ಇದನ್ನೆಲ್ಲ ಬರಿ ಕಾಗದದ ಕೆಲಸ ಅಂದ್ಕೊಂಡಿದ್ದವಳಿಗೆ ಕಮಿಟಿಯವರು ಒಂದು ಪ್ರಶ್ನೆ ಹಾಕಿದರು. ರಿಸಲ್ಟ್ ಜಾಸ್ತಿ ಬಂದರೆ ಆ ಮನೆಯವರಿಗೆ ಏನು ಹೇಳ್ತೀಯಾ? ಬೆಳೆಯುವ ಹಲ್ಲಿನ ಹೊರಪದರ ಎನಾಮಲ್‌ಗೆ ಆದ ಕಲೆ ಮಾತ್ರೆಯಿಂದ ಹೋಗಲ್ಲ. ಡೆಂಟಿಸ್ಟ್ ಮೇಲಿಂದ ಸರಿಮಾಡಬಹುದು, ಅಷ್ಟೇ. ಆದರೆ ಎಂಟು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ಅವರ ನೀರು ಬದಲಾಯಿಸಬಹುದು. ಅದನ್ನು ಹೇಳಿ ಬರೋದು ನನ್ನ ಕೆಲಸ ಅಂತ ಅರ್ಜಿಯಲ್ಲಿ ಬರೆದುಕೊಟ್ಟೆ.

ಪೂರ್ತಿ ಸರ್ವೆಗೆ ಮುಂಚೆ ಪ್ರಶ್ನೆಗಳನ್ನು ಒಂದೆರಡು ಮನೆಯಲ್ಲಿ ಕೇಳಿ ನೋಡಬೇಕು ಅನ್ನೋದು ಮೇಡಂ ಹಟ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕಟ್ಟೆ ಮೇಲೆ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ದರು. "ಯಾವ ನೀರು ಬಳಸ್ತೀರಾ ಅಜ್ಜಿ?" ಅಂದೆ.

"ಕುಡಿಯೋಕಾ, ಅಡುಗೆಗಾ?"

"ಎರಡೂ ಹೇಳಿ."

"ಕುಡಿಯೋಕೆ ಫಿಲ್ಟರ್ ನೀರು. ಬೇಳೆಗೂ ಅದೇ, ಬೋರ್ ನೀರಲ್ಲಿ ಬೇಳೆ ಬೇಯಲ್ಲ ನೋಡವ್ವ. ಮುದ್ದೆಗೆ, ಅನ್ನಕ್ಕೆ, ಚಾಕ್ಕೆ ನಲ್ಲಿ ನೀರು. ಎಲ್ಲಾದಕ್ಕೂ ಕ್ಯಾನ್ ಹೊತ್ಕೊಂಡು ಬರೋರು ಯಾರು?"

"ನಲ್ಲಿ ನೀರು ಕುದಿಸಿದ್ರೆ ಸರಿಹೋಗುತ್ತೆ ಅಂತಾನಾ?"

"ಕುದಿಸಿದ ಮೇಲೆ ಇನ್ನೇನಿರುತ್ತೆ?"

ಅದೇ ಇರುತ್ತೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಎಲ್ಲೂ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತೆ. ಚಹಾ ಸೊಪ್ಪಿನಲ್ಲಂತೂ ಫ್ಲೋರೈಡ್ ಸಹಜವಾಗೇ ಜಾಸ್ತಿ. ಫಿಲ್ಟರ್ ನೀರು ಕುಡಿಯುವ ಮಗುವಿನ ಮೂತ್ರದಲ್ಲಿ ಫ್ಲೋರೈಡ್ ಯಾಕೆ ಕಾಣಬಹುದು ಅನ್ನೋದಕ್ಕೆ ನಾನು ಓದಿದ ಪೇಪರ್‌ಗಳಿಗಿಂತ ಅಜ್ಜಿಯ ಅಡುಗೆಮನೆ ಚೆನ್ನಾಗಿ ಉತ್ತರ ಕೊಟ್ಟಿತು. ನನ್ನ ಪ್ರಶ್ನೆಪಟ್ಟಿಯಲ್ಲಿದ್ದ 'ನೀರಿನ ಮೂಲ' ಅನ್ನೋ ಒಂದು ಕಾಲಂ ಆಮೇಲೆ ಕುಡಿಯಲು, ಅನ್ನಕ್ಕೆ, ಮುದ್ದೆಗೆ, ಬೇಳೆಗೆ, ಚಹಾಕ್ಕೆ ಅಂತ ಒಡೆದುಕೊಂಡಿತು. ಶಾಲೆಯ ಬಿಸಿಯೂಟಕ್ಕೆ ಯಾವ ನೀರು ಅಂತಲೂ ಸೇರಿಸಿದೆ. ನನ್ನ ಪ್ರಾಜೆಕ್ಟಿನಲ್ಲಿ ಏನಾದರೂ ಹೊಸದಿದ್ದರೆ ಅದು ಈ ಪಟ್ಟಿಯೇ. ಉಳಿದದ್ದೆಲ್ಲ ಬೇರೆಯವರು ಮಾಡಿದ ವಿಧಾನ.

ಸ್ಯಾಂಪಲ್ ತರೋದು ಬಸ್ಸಿನಲ್ಲಿ. ಐಸ್ ಪ್ಯಾಕ್ ಹಾಕಿದ ಥರ್ಮಾಕೋಲ್ ಡಬ್ಬಿ ನೋಡಿ ಕಂಡಕ್ಟರ್, "ಏನಮ್ಮ, ಮೀನಾ?" ಅಂದರು. ಲ್ಯಾಬ್ ಸ್ಯಾಂಪಲ್ ಅಂದೆ. ಬಿಡಿಸಿ ಹೇಳಿದ್ದರೆ ಪಕ್ಕದ ಸೀಟು ಖಾಲಿಯಾಗ್ತಿತ್ತೇನೋ.

ಲ್ಯಾಬಿನಲ್ಲಿ ಕೆಲಸ ಫ್ಲೋರೈಡ್ ಎಲೆಕ್ಟ್ರೋಡ್ ಮೇಲೆ, ಅಂದರೆ ದ್ರಾವಣದಲ್ಲಿ ಅದ್ದಿ ಫ್ಲೋರೈಡ್ ಅಳೆಯೋ ಕಡ್ಡಿ. ತುದಿಯಲ್ಲಿ ಲ್ಯಾಂಥನಂ ಫ್ಲೋರೈಡ್ ಹರಳು, ಬೆರಳು ತಾಗಿಸೋ ಹಾಗಿಲ್ಲ. ಗಾಜಿನ ಬೀಕರ್ ಬೇಡ, ಎಲ್ಲ ಪ್ಲಾಸ್ಟಿಕ್, ಯಾಕಂದರೆ ಫ್ಲೋರೈಡ್ ಗಾಜಿಗೆ ಅಂಟಿಕೊಳ್ಳಬಹುದು. ಸ್ಯಾಂಪಲ್ಲಿಗೆ ಟಿಸಾಬ್ ಅನ್ನೋ ಬಫರ್ ಸಮ ಪ್ರಮಾಣದಲ್ಲಿ ಬೆರೆಸಬೇಕು. ಅದು ಪಿಹೆಚ್ ಅನ್ನು ಐದೂವರೆ ಆಸುಪಾಸಿನಲ್ಲಿ ಹಿಡಿದಿಡುತ್ತೆ, ಅಲ್ಯುಮಿನಿಯಂ ಕಬ್ಬಿಣ ಹಿಡಿದುಕೊಂಡ ಫ್ಲೋರೈಡನ್ನು ಬಿಡಿಸುತ್ತೆ. ಪ್ರಮಾಣ ಹತ್ತು ಪಟ್ಟು ಏರಿದರೆ ಮೀಟರ್ ಸುಮಾರು 59 ಮಿಲಿವೋಲ್ಟ್ ಇಳಿಯಬೇಕು, ಅದೂ 25 ಡಿಗ್ರಿಯಲ್ಲಿ. ನಮ್ಮೂರ ಮಾರ್ಚ್ ತಿಂಗಳಲ್ಲಿ 25 ಡಿಗ್ರಿ ಎಲ್ಲಿಂದ ತರೋಣ? ಬೆಳಗ್ಗೆ ಹಾಕಿದ, ಪ್ರಮಾಣ ಮೊದಲೇ ಗೊತ್ತಿರೋ ಸ್ಟ್ಯಾಂಡರ್ಡ್‌ಗಳನ್ನು ಮಧ್ಯಾಹ್ನ ಮತ್ತೆ ಹಾಕಿ ನೋಡಬೇಕು. ಕಡಿಮೆ ಫ್ಲೋರೈಡ್ ಇರುವ ಸ್ಯಾಂಪಲ್ಲಿನಲ್ಲಿ ಅಂಕಿ ನಿಲ್ಲೋದೇ ಇಲ್ಲ, ಕೊನೆಯ ಸ್ಥಾನ ಕುಣೀತಾನೇ ಇರುತ್ತೆ. ಕಾಯಬೇಕು. ಮೊಬೈಲ್ ನೋಡ್ತಾ ಕಾದರೆ ಯಾವಾಗ ನಿಂತಿತು ಅಂತಲೂ ಗೊತ್ತಾಗಲ್ಲ.

ಮಗು ಆ ದಿನ ನೀರು ಕಡಿಮೆ ಕುಡಿದಿದ್ದರೆ ಮೂತ್ರ ಗಟ್ಟಿ, ಫ್ಲೋರೈಡ್ ಅಂಕಿಯೂ ಸುಮ್ನೆ ಮೇಲೇರುತ್ತೆ. ಅದಕ್ಕೆ ಮೈಯಿಂದ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರೋ ಕ್ರಿಯಾಟಿನಿನ್ ಅನ್ನೋ ವಸ್ತುವನ್ನೂ ಪ್ರತಿ ಸ್ಯಾಂಪಲ್ಲಿನಲ್ಲಿ ಅಳೆದು ಅದರ ಲೆಕ್ಕದಲ್ಲಿ ಹೇಳಬೇಕು. ಸದ್ಯ ಆ ಕೆಲಸ ನಡೀತಿದೆ, ಲ್ಯಾಬ್ ಕೋಟಿನ ಮೇಲೆಲ್ಲ ಅದನ್ನು ಅಳೆಯೋಕೆ ಬಳಸೋ ಪಿಕ್ರೇಟಿನ ಹಳದಿ ಕಲೆ. ಮುಗಿದ ಮೇಲೆ ಅಂಕಿ ಅಂಶ, ಆಮೇಲೆ ವೈವಾ. ಮುಂದಿನ ವರ್ಷದವರು ಯಾರಾದರೂ ಇದೇ ದಾರಿ ಹಿಡಿಯೋದಾದ್ರೆ ಕನ್ನಡದ ಒಪ್ಪಿಗೆ ಪತ್ರ, ಪ್ರಶ್ನೆಪಟ್ಟಿ ಎರಡೂ ನನ್ನ ಹತ್ತಿರ ಇವೆ, ಕೇಳಿ ತಗೊಳ್ಳಿ. ಅಡುಗೆ ನೀರಿನ ಕಾಲಂ ಮಾತ್ರ ತೆಗೀಬೇಡಿ.